ಭಾನುವಾರ ತಮ್ಮನ್ನ ಪೇಟೆಗೆ ಯಾಕೆ ಕರ್ಕೊಂಡು ಹೋಗ್ತೀನಿ ಅಂದ್ರೆ

ಪುಟ್ಟೀ,

ಎದುರಿಗೆ ಕೂತು ಹೇಳೋಣ ಅಂತಲೇ ಇದ್ದೆ, ಆದ್ರೆ ಮೊನ್ನೆ ರಾತ್ರಿಯಿಂದ ನಾನು ಒಳಗೆ ಬಂದ್ರೆ ನೀನು ಹೊರಗೆ, ನಾನು ಜಗಲಿಗೆ ಬಂದ್ರೆ ನೀನು ಅಡುಗೆಮನೆಗೆ. ಅದ್ಕೇ ಬರೀತಿದೀನಿ. ಜಾಮಿಟ್ರಿ ಬಾಕ್ಸಲ್ಲಿ ಮಡಚಿ ಇಡ್ತೀನಿ. ಅಕ್ಷರ ನೋಡಿ ನಗಬೇಡ, ಅಡಿಕೆ ಲೆಕ್ಕ ಬರ್ದು ಬರ್ದು ಹಿಂಗಾಗಿರೋದು.

ಹಳೇ ಮೊಬೈಲಲ್ಲಿ ಆ ವಿಡಿಯೋ ಇನ್ನೂ ಇದೆ ಅಂತ ನಂಗೆ ಮರ್ತೇ ಹೋಗಿತ್ತು. 2020ರ ಫೆಬ್ರವರಿ. ತಮ್ಮಂಗೆ ಆರು ತಿಂಗಳು, ಅಮ್ಮ ಚಮಚದ ತುದೀಲಿ ರಾಗಿ ಮಣ್ಣಿ ತಿನ್ನಿಸ್ತಿದಾಳೆ, ಹಿಂದಿಂದ ನನ್ನ ದನಿ, "ಹತ್ತು ನಿಮಿಷ ಆಯ್ತು, ಬಾಯಿ ಸುತ್ತ ನೋಡು, ಕೆಂಪಾಗಿದ್ಯಾ" ಅಂತ. ಮೊನ್ನೆ ಅದನ್ನ ನೋಡ್ತಾ ಮೇಜಿನ ಮೇಲೆ ಗೋಡಂಬಿ ಪ್ಯಾಕೆಟ್ ಕಂಡುಬಿಡ್ತು ನಿಂಗೆ, ಗೋಡಂಬಿ ಅಲರ್ಜಿ ಇರೋಳಿಗೆ. "ಅವ್ನಿಗೆ ಎಲ್ಲಾ ತಿನ್ಸಿದ್ರಿ, ನಂಗ್ಯಾಕೆ ತಿನ್ಸಿಲ್ಲ" ಅಂದೆ. ಬೇಸಿಗೆ ರಜೇಲಿ ಆಸ್ಪತ್ರೇಲಿ ಬಾದಾಮಿ ತಿನ್ನಿಸಿ ನೋಡೋ ಟೆಸ್ಟಿಗೂ ಬರಲ್ಲ ಅಂದೆ.

ಪ್ರಶ್ನೆ ನ್ಯಾಯವಾಗೇ ಇದೆ ಮಾರಾಯ್ತಿ. ಉತ್ತರ ಸ್ವಲ್ಪ ಉದ್ದ.

ನೀನು ಹುಟ್ಟಿದ್ದು 2013ರ ಜೂನಲ್ಲಿ. ಮೂರು ತಿಂಗಳಿಗೇ ಕೆನ್ನೆ, ಮೊಣಕೈ ಸಂದು, ಮಂಡಿ ಹಿಂದೆ ಎಲ್ಲ ಕೆಂಪಗೆ ಒರಟಾಗಿ ಬಿರುಕು ಬಿಡ್ತು, ರಾತ್ರಿ ಇಡೀ ಹಾಸಿಗೆಗೆ ಮುಖ ಉಜ್ಜಿ ಉಜ್ಜಿ ಅಳ್ತಿದ್ದೆ. ಮಳೆಗಾಲದ ಕಜ್ಜಿ, ಹೋಗುತ್ತೆ ಅಂದ್ರು ಎಲ್ಲರೂ. ಅದಕ್ಕೆ ಎಕ್ಸಿಮಾ ಅಂತ ಹೆಸರು ಅನ್ನೋದು ನಂಗೆ ಗೊತ್ತಾಗಿದ್ದೇ ವರ್ಷ ಕಳೆದ ಮೇಲೆ. ಊಟ ಶುರು ಮಾಡೋ ಹೊತ್ತಿಗೆ ಒಬ್ರು ಡಾಕ್ಟ್ರು, ಚರ್ಮ ಹಿಂಗಿರೋ ಮಗುಗೆ ಶೇಂಗಾ, ಗೋಡಂಬಿ, ಬಾದಾಮಿ ಮೂರು ವರ್ಷ ಆಗೋವರೆಗೆ ಮುಟ್ಟಿಸ್ಬೇಡಿ ಅಂದ್ರು. ನಾವು ಮುಟ್ಟಿಸ್ಲಿಲ್ಲ. ವ್ರತ ಹಿಡ್ದಂಗೆ ಹಿಡಿದ್ವಿ.

ಆ ಮಾತು ಅವ್ರು ಸ್ವಂತಕ್ಕೆ ಹುಟ್ಟಿಸಿದ್ದಲ್ಲ. ಅಮೆರಿಕದ ಮಕ್ಕಳ ಡಾಕ್ಟರುಗಳ ಅಕಾಡೆಮಿ 2000ದಲ್ಲಿ ಹಂಗೇ ಹೇಳಿತ್ತು. 2008ರಲ್ಲಿ ಅವ್ರೇ ಅದನ್ನ ವಾಪಸ್ ತಗೊಂಡ್ರು, ತಡ ಮಾಡೋದ್ರಿಂದ ಅಲರ್ಜಿ ತಪ್ಪುತ್ತೆ ಅನ್ನೋಕೆ ಪುರಾವೆ ಇಲ್ಲ ಅಂತ. ಅಂದ್ರೆ ನೀನು ಹುಟ್ಟೋಕೆ ಐದು ವರ್ಷ ಮುಂಚೆ! ಹೇಳಿದ್ದು ನಮ್ಮೂರವರೆಗೆ ಬಂದಿತ್ತು, ವಾಪಸ್ ತಗೊಂಡಿದ್ದು ಮಾತ್ರ ಘಾಟಿಲೇ ಎಲ್ಲೋ ಉಳ್ಕೊಂಡಿತ್ತು. ಇದನ್ನ ಓದಿದ ದಿನ ನಾನು ಫೋನ್ ಕೆಳಗಿಟ್ಟು ಸುಮ್ನೆ ಕೊಟ್ಟಿಗೆಗೆ ಹೋಗಿ ಕೂತಿದ್ದೆ.

ಅದೇ 2008ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅನ್ನೋ ಡಾಕ್ಟ್ರ ತಂಡದವ್ರು ಇಂಗ್ಲೆಂಡಲ್ಲಿರೋ ಯಹೂದಿ ಮಕ್ಕಳನ್ನೂ ಇಸ್ರೇಲಿನ ಮಕ್ಕಳನ್ನೂ ಹೋಲಿಸಿ ನೋಡಿದ್ರು. ಇಂಗ್ಲೆಂಡಲ್ಲಿ ಶೇಂಗಾ ಅಲರ್ಜಿ ಹತ್ತು ಪಟ್ಟು ಜಾಸ್ತಿ ಇತ್ತು. ಅಲ್ಲಿ ಹಸುಗೂಸಿಗೆ ಶೇಂಗಾ ಕೊಡ್ತಿರ್ಲಿಲ್ಲ, ಇಸ್ರೇಲಲ್ಲಿ ಬಾಂಬಾ ಅಂತ ಶೇಂಗಾದ ಕುರುಕಲು, ಹಲ್ಲು ಬರೋಕೆ ಮುಂಚೆನೇ ಚೀಪ್ತಾವೆ. ಆಮೇಲೆ 640 ಮಕ್ಕಳನ್ನ ತಗೊಂಡ್ರು, ಜೋರು ಎಕ್ಸಿಮಾನೋ ಮೊಟ್ಟೆ ಅಲರ್ಜಿನೋ ಇರೋ ಕೂಸುಗಳು, ಅಂದ್ರೆ ನಿನ್ನಂಥವೇ. ಅರ್ಧದಷ್ಟಕ್ಕೆ ಶೇಂಗಾ ತಿನ್ನಿಸ್ತಾ ಹೋದ್ರು, ಇನ್ನರ್ಧಕ್ಕೆ ಪೂರ್ತಿ ಬಂದ್. ಐದು ವರ್ಷ ತುಂಬೋ ಹೊತ್ತಿಗೆ ತಿಂದವ್ರಲ್ಲಿ ನೂರಕ್ಕೆ ಮೂರು ಚಿಲ್ರೆ ಮಕ್ಕಳಿಗೆ ಅಲರ್ಜಿ, ತಿನ್ನದೇ ಇದ್ದವ್ರಲ್ಲಿ ಹದಿನೇಳು. ಲೀಪ್ ಸ್ಟಡಿ ಅಂತಾರೆ. 2015ರಲ್ಲಿ ಬಂತು, ನಿಂಗೆ ಆಗ್ಲೇ ಒಂದು ಮುಕ್ಕಾಲು ವರ್ಷ. ಆ ಮಕ್ಕಳಿಗೆ ನಾಲ್ಕರಿಂದ ಹನ್ನೊಂದು ತಿಂಗಳೊಳಗೆ ಶುರು ಮಾಡಿದ್ರು, ನಿನ್ನ ಆ ತಿಂಗಳುಗಳು ಕಳ್ದು ಹೋಗಿದ್ವು.

ಆದ್ರೆ ತಿನ್ಸಿದ್ರೆ ನಿಂಗೆ ಗೋಡಂಬಿ ಅಲರ್ಜಿ ಬರ್ತಿರ್ಲಿಲ್ಲ ಅಂತ ನಾನು ಹೇಳಲ್ಲ. ಲೀಪ್ ನೋಡಿದ್ದು ಶೇಂಗಾನ, ಗೋಡಂಬಿನ ಅಲ್ಲ. ತಮ್ಮ ಇವತ್ತು ಮುಷ್ಟಿಗಟ್ಲೆ ಗೋಡಂಬಿ ತಿಂತಿರೋದು ಆ ಮಣ್ಣಿಯಿಂದಲೇ ಅಂತಲೂ ಹೇಳಲ್ಲ, ಅವನ ಚರ್ಮ ಮೊದಲಿಂದಲೂ ಬೆಣ್ಣೆ ಹಂಗಿತ್ತು.

ಚರ್ಮದ ಮಾತು ಬಂತಲ್ಲ, ಇದೊಂದು ಹೇಳ್ಬೇಕು, ಆದ್ರೆ ಅಜ್ಜಿ ಹತ್ರ ಹೋಗಿ ಕೇಳ್ಬೇಡ. ಬಾಯಿಂದ ಹೊಟ್ಟೆಗೆ ಹೋದ್ರೆ ಮೈ ಅದನ್ನ ಊಟ ಅಂತ ಒಪ್ಕೊಳ್ಳುತ್ತೆ, ಬಿರುಕು ಬಿಟ್ಟ ಚರ್ಮದಿಂದ ಮೊದಲು ಒಳಗೆ ಹೋದ್ರೆ ಕಳ್ಳ ಅಂತ ಗುರ್ತು ಹಿಡ್ಕೊಳ್ಳುತ್ತೆ ಅನ್ನೋದು ಇವತ್ತಿನ ದೊಡ್ಡ ವಾದ. ಇದೂ ಲ್ಯಾಕ್ ಅವ್ರದ್ದೇ, ಪುರಾವೆನೂ ಸುಮಾರಷ್ಟು ಸಿಕ್ಕಿದೆ. ನಿನ್ನ ಮೊದಲ ಬೇಸಿಗೆಲಿ ಅಜ್ಜಿ ಹಿತ್ಲಲ್ಲಿ ಗೇರುಬೀಜ ಸುಡ್ತಿದ್ರು, ಕುಟ್ಟಿ ಬೀಜ ಬಿಡಿಸಿದ ಕೈಯಲ್ಲೇ ನಿನ್ನ ಎತ್ಕೊಂಡು ಕೆನ್ನೆಗೆ ಎಣ್ಣೆ ಸವರ್ತಿದ್ರು. ಅದ್ರಿಂದಲೇ ಆಯ್ತು ಅಂತ ಯಾರೂ ಹೇಳೋಕಾಗಲ್ಲ. ನಾನು ಒಂದ್ಸಲ ಊಟದ ಹೊತ್ತಲ್ಲಿ ಈ ವಿಷ್ಯ ಬಾಯ್ಬಿಟ್ಟೆ, ದಡ್ಡತನ. ಆ ವರ್ಷದಿಂದ ಅಜ್ಜಿ ಬೀಜ ಸುಡೋದೇ ಬಿಟ್ರು, ಹಸಿದೇ ಮಾರ್ತಾರೆ. ಯಾಕೆ ಅಂತ ಕೇಳಿದವ್ರಿಗೆ ಹೊಗೆ ಆಗಲ್ಲ ಅಂತಾರೆ.

ಗೋಡಂಬಿ ನಿನ್ನ ಬಾಯಿಗೆ ಇಟ್ಟೋನು ನಾನೇ. 2016ರ ಎಳ್ಳಮಾವಾಸ್ಯೆ ಜಾತ್ರೆ, ತೀರ್ಥಹಳ್ಳೀಲಿ ಸ್ನಾನ ಮುಗಿಸಿ ನೆಂಟರ ಮನೇಲಿ ಕೂತಿದ್ವಿ, ಯಾರೋ ಗೋಡಂಬಿ ಬರ್ಫಿ ಡಬ್ಬಿ ತೆಗೆದ್ರು, ಇನ್ನೇನು ಮೂರು ವರ್ಷ ಆಗೋಕೆ ಬಂತಲ್ಲ ಅಂತ ಉಗುರಷ್ಟು ಮುರ್ದು ಕೊಟ್ಟೆ. ನೀನು ಉಗುಳಿದೆ. ಐದು ನಿಮಿಷಕ್ಕೆ ತುಟಿ ಊದ್ತು, ಮೈಮೇಲೆಲ್ಲ ಗಂಧೆ ಎದ್ವು, ವಾಂತಿ. ಪಿತ್ತ ಅಂದ್ರು ಒಬ್ರು. ನಂಜು ಅಂದ್ರು ಇನ್ನೊಬ್ರು. ಹತ್ತಿರದ ಒಂದು ಕ್ಲಿನಿಕ್ಕಲ್ಲಿ ಗಂಧೆಗೆ ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ಗಂಧೆ ಇಳೀತು, ಆದ್ರೆ ನೀನು ಬೀಡಿ ಸೇದೋ ಮುದುಕನ ಹಂಗೆ ಕೆಮ್ಮೋಕೆ ಶುರು ಮಾಡ್ದೆ. ಶಿವಮೊಗ್ಗಕ್ಕೆ ಹೊರಟ್ವಿ. ಮಂಡಗದ್ದೆ ದಾಟೋ ಹೊತ್ತಿಗೆ ಅಮ್ಮನ ತೊಡೆ ಮೇಲೆ ತೂಕಡಿಸ್ತಿದ್ದೆ, ಎಬ್ಬಿಸಿದ್ರೂ ಕಣ್ಣು ನಿಲ್ತಿರ್ಲಿಲ್ಲ. ಪಕ್ಕದಲ್ಲಿ ತುಂಗೆ ಹಂಗೇ ಹರೀತಾ ಇತ್ತು, ಗಾಜನೂರು ಎಷ್ಟೊತ್ತಿಗೆ ಬರುತ್ತೋ ಅಂತ ನಾನು. ಶಿವಮೊಗ್ಗದಲ್ಲಿ ಹುಡುಗಿ ಡಾಕ್ಟ್ರು ಒಬ್ರು ಒಂದ್ಸಲ ನೋಡಿದ್ದೇ ತೊಡೆಗೆ ಅಡ್ರಿನಲಿನ್ ಅನ್ನೋ ಔಷಧಿ ಚುಚ್ಚಿದ್ರು. ಕಾಲು ಗಂಟೇಲಿ ನೀನು "ಅಪ್ಪ ನೀರು" ಅಂದೆ. ಗಂಧೆ ಔಷಧಿಗೆ ಉಸಿರು ಬಿಡಿಸೋ ಶಕ್ತಿ ಇಲ್ಲ, ಮೊದಲು ಇದೇ ಆಗ್ಬೇಕು ಅಂತ ಅವ್ರೇ ಹೇಳಿದ್ದು.

ನಿನ್ನ ಹಸಿರು ಡಬ್ಬಿ ಹುಟ್ಟಿದ್ದು ಅಲ್ಲಿಂದ. ಅಡ್ರಿನಲಿನ್ ಚುಚ್ಕೊಳ್ಳೋಕೆ ಹೊರದೇಶದವ್ರಿಗೆ ಪೆನ್ ತರದ್ದು ಸಿಗುತ್ತೆ, ನಾನು ತಿರುಗಿದ ಮೆಡಿಕಲ್ ಶಾಪಲ್ಲಿ ಎಲ್ಲೂ ಸಿಗ್ಲಿಲ್ಲ, ಹಂಗಾಗಿ ಆಂಪ್ಯೂಲು, ಸಿರಿಂಜು, ಡಾಕ್ಟ್ರು ಬರೆದುಕೊಟ್ಟ ಚೀಟಿ. ಅಮ್ಮ ಚುಚ್ಚೋದು ಕಲ್ತಿದ್ದು ಬಾಳೆದಿಂಡಿನ ಮೇಲೆ ಗೊತ್ತಾ, ಒಂದು ವಾರ ಮನೇಲಿ ಬಾಳೆದಿಂಡಿನ ಪಲ್ಯನೇ.

ಊರಿನವ್ರ ಮೇಲೆ ನೀನು ಸಿಟ್ಟಾಗ್ತೀಯಲ್ಲ, ಅರ್ಥ ಮಾಡ್ಕೋ, ನಮ್ಮಲ್ಲಿ "ಆಗ್ಬರಲ್ಲ" ಅನ್ನೋ ಒಂದೇ ಮಾತಲ್ಲಿ ಎಲ್ಲಾನೂ ಬಂದುಬಿಡುತ್ತೆ. ಬದನೆಕಾಯಿ ನಂಜು ಆಗ್ಬರಲ್ಲ, ಹಲಸಿನಹಣ್ಣು ಉಷ್ಣ ಆಗ್ಬರಲ್ಲ, ಗೋಡಂಬಿ ಆಗ್ಬರಲ್ಲ. ಕೇಳೋರಿಗೆ ಮೂರೂ ಒಂದೇ. ಅದ್ಕೇ ಅತ್ತೆ ಪಾಯಸದಿಂದ ಗೋಡಂಬಿ ಆರಿಸಿ ತೆಗ್ದು ಪ್ರೀತಿಯಿಂದ ನಿನ್ನ ಎಲೆಗೆ ಬಡಿಸೋಕೆ ಬಂದಿದ್ದು, ಅದನ್ನ ಹುರಿದ ತುಪ್ಪ ಪಾಯಸದಲ್ಲೇ ಇದೆ ಅನ್ನೋದು ಅವ್ರಿಗೆ ಹೊಳೀಲೇ ಇಲ್ಲ. ಚಿಕ್ಕಪ್ಪ ಅಂತೂ ಅಲರ್ಜಿನ ಬುಡಸಮೇತ ಕೀಳೋ ಕಷಾಯ ಅಂತ ವಾಟ್ಸಾಪಲ್ಲಿ ಕಳಿಸ್ತಾನೇ ಇರ್ತಾನೆ, ನೋಡಿಯೂ ನೋಡದಂಗೆ ಇದೀನಿ.

ಬಾದಾಮಿ ವಿಷ್ಯಕ್ಕೆ ಬರ್ತೀನಿ. ಜಾತ್ರೆ ಆದ್ಮೇಲೆ ಹೆದರಿಕೇಲಿ ನಾನು ಲ್ಯಾಬಲ್ಲಿ ಸಿಗೋ ದೊಡ್ಡ ಪ್ಯಾನೆಲ್ ಬ್ಲಡ್ ಟೆಸ್ಟ್ ಮಾಡ್ಸಿದೆ. ಗೋಡಂಬಿ, ಪಿಸ್ತಾ, ಬಾದಾಮಿ, ಶೇಂಗಾ, ಎಳ್ಳು, ಗೋಧಿ, ಹೆಸರುಕಾಳು, ಎಲ್ಲದಕ್ಕೂ ಪ್ಲಸ್. ಗೋಧಿ ಹೆಸರುಕಾಳು ನೀನು ದಿನಾ ತಿಂತಿದ್ದೆ, ಆದ್ರೂ ನಿಲ್ಲಿಸಿದ್ವಿ, ಸಣಕಲು ಆದೆ. ಅಲರ್ಜಿ ಡಾಕ್ಟ್ರು ರಿಪೋರ್ಟ್ ನೋಡಿ ತಲೆ ಮೇಲೆ ಕೈ ಇಟ್ಕೊಂಡ್ರು. ರಕ್ತದಲ್ಲಿ ಐಜಿಇ, ಅಂದ್ರೆ ಮೈ ಒಂದು ಊಟವನ್ನ ಕಳ್ಳ ಅಂತ ಗುರ್ತಿಟ್ಕೊಂಡು ಮಾಡೋ ಪ್ರೋಟೀನು, ಕಂಡ ಮಾತ್ರಕ್ಕೆ ಅಲರ್ಜಿ ಅಲ್ಲ. ನಮ್ಮ ಬೆಂಗಳೂರು ಮೈಸೂರಿನ ದೊಡ್ಡವ್ರನ್ನೇ ಪರೀಕ್ಷೆ ಮಾಡಿದ ಒಂದು ಸ್ಟಡಿ 2016ರಲ್ಲಿ ಬಂದಿದೆ, ನಾಲ್ಕರಲ್ಲಿ ಒಬ್ಬರ ರಕ್ತದಲ್ಲಿ ಯಾವ್ದೋ ಊಟಕ್ಕೆ ಐಜಿಇ ಇತ್ತು, ನಿಜವಾಗಿ ಅಲರ್ಜಿ ಇದೆ ಅನ್ನಬಹುದಾದವ್ರು ನೂರಕ್ಕೆ ಒಬ್ಬರ ಆಸುಪಾಸು ಅಷ್ಟೆ. ಗೋಧಿ, ಹೆಸರುಕಾಳು, ಎಳ್ಳು ಆವತ್ತೇ ವಾಪಸ್ ಬಂದ್ವು. ಶೇಂಗಾಗೆ 2017ರಲ್ಲಿ ಆಸ್ಪತ್ರೇಲಿ ಚಾಲೆಂಜ್ ಮಾಡಿದ್ರು, ಅಂದ್ರೆ ಚೂರು ಚೂರೇ ತಿನ್ನಿಸಿ ನೋಡೋ ಟೆಸ್ಟು. ನಿಂಗೆ ನೆನಪಿಲ್ಲ, ನಾಲ್ಕು ವರ್ಷ, ಪಾಸಾದೆ. ಹಂಗಾಗಿ ಇವತ್ತು ಚಿತ್ರಾನ್ನದಲ್ಲಿ ಶೇಂಗಾ ಹೆಕ್ಕಿ ಹೆಕ್ಕಿ ತಿಂತೀಯ. ಬಾದಾಮಿ ಒಂದು ಹಂಗೇ ಉಳ್ಕೊಂಡ್ತು, ಬರೀ ನಮ್ಮ ಪುಕ್ಕಲುತನಕ್ಕೆ.

ಪಿಸ್ತಾ ಗೋಡಂಬಿಗೆ ದಾಯಾದಿ, ಅದು ಬೇಡವೇ ಬೇಡ. ಮಾವೂ, ಕಾಡಲ್ಲಿ ಮುಟ್ಟಿದ್ರೆ ಮೈ ಊದೋ ಹೊಳಗೇರು ಮರಾನೂ ಅದೇ ಕುಟುಂಬ, ಆದ್ರೆ ಹೊಳಗೇರಿಂದು ಬೇರೆ ತರದ ಜಗಳ, ಚರ್ಮದ್ದಷ್ಟೆ, ನೀನು ಮಾವಿನಹಣ್ಣು ಧಾರಾಳ ತಿನ್ನು. ಬಾದಾಮಿ ಗುಲಾಬಿ ಕುಟುಂಬದ್ದು, ಗೋಡಂಬಿಗೆ ನೆಂಟಸ್ತನವೇ ಇಲ್ಲ.

ಟೆಸ್ಟಿನ ದಿನ ಮೊದಲು ಚೂರೇ ಚೂರು ಪುಡಿ ಕೊಡ್ತಾರೆ, ಇಪ್ಪತ್ತು ಮೂವತ್ತು ನಿಮಿಷ ಕಾಯ್ತಾರೆ, ಸ್ವಲ್ಪ ಜಾಸ್ತಿ, ಮತ್ತೆ ಕಾಯ್ತಾರೆ, ಎಲ್ಲ ಮುಗಿದ ಮೇಲೂ ಒಂದೆರಡು ಗಂಟೆ ಬಿಡಲ್ಲ. ಪಕ್ಕದಲ್ಲೇ ಅಡ್ರಿನಲಿನ್, ಡಾಕ್ಟ್ರು, ಆಕ್ಸಿಜನ್. ಏನಾದ್ರೂ ಆಗ್ಬಹುದಾ ಅಂದ್ರೆ ಆಗ್ಬಹುದು, ಸುಳ್ಳು ಹೇಳಲ್ಲ. ಅದ್ಕೇ ಆಸ್ಪತ್ರೇಲಿ ಮಾಡೋದು.

ಒಮಾಲಿಜುಮ್ಯಾಬ್ ಇಂಜೆಕ್ಷನ್ ಕೇಳಿದ್ದೆಯಲ್ಲ, ಅಮೆರಿಕದಲ್ಲಿ 2024ರ ಫೆಬ್ರವರೀಲಿ ಊಟದ ಅಲರ್ಜಿಗೆ ಒಪ್ಪಿಗೆ ಆಯ್ತು. ಎರಡೋ ನಾಲ್ಕೋ ವಾರಕ್ಕೊಂದು ಚುಚ್ಚಿಸ್ಕೋತಾ ಇದ್ರೆ ಗೊತ್ತಿಲ್ದೇ ಚೂರು ಬಾಯಿಗೆ ಹೋದ್ರೂ ತಡ್ಕೊಳ್ಳೋ ಶಕ್ತಿ ಎಷ್ಟೋ ಮಕ್ಕಳಿಗೆ ಬರುತ್ತೆ, ಬೇಕಂತ ತಿನ್ನೋಕಲ್ಲ, ಹಸಿರು ಡಬ್ಬಿ ಆಗ್ಲೂ ಬೇಕು. ದುಬಾರಿ. ಡಾಕ್ಟ್ರ ಹತ್ರ ಕೇಳ್ತಾ ಇದೀನಿ. ಅದೇ ವರ್ಷ ಆಗಸ್ಟಲ್ಲಿ ಮೂಗಿಗೆ ಹೊಡೆಯೋ ಅಡ್ರಿನಲಿನ್ ಸ್ಪ್ರೇಗೂ ಅಲ್ಲಿ ಒಪ್ಪಿಗೆ ಸಿಕ್ಕಿದೆ.

ಇನ್ನು ಆ ವಿಡಿಯೋ ತೆಗೆದ ಫೆಬ್ರವರಿ. ನಿನ್ನ ಹೊಸನಗರದ ಅಜ್ಜಿ ಮನೇಲಿ ನಾಲ್ಕು ದಿನ ಬಿಟ್ಟಿದ್ವಿ, ನೆನಪಿದ್ಯಾ, ತಮ್ಮ ಹುಟ್ಟಿದ್ಮೇಲೆ ನಾನು ಬೇಡವಾದೆ ಅಂತ ಅತ್ತಿದ್ದೆ. ಜಾತ್ರೆ ಆದ್ಮೇಲೆ ಮನೆಯೊಳಗೆ ಗೋಡಂಬಿ ಬಂದಿದ್ದು ಅದೇ ಮೊದಲು, ನೀನು ಇರಬಾರದಿತ್ತು. ಪ್ಯಾಕೆಟ್ ಖಾಲಿ ಆಗಿ, ಪಾತ್ರೆ ಹಾಸಿಗೆ ನೆಲ ಎಲ್ಲ ತೊಳ್ದು ಆಮೇಲೆ ನಿನ್ನ ಕರ್ಕೊಂಡು ಬಂದ್ವಿ. ಆವತ್ತೇ ಹೇಳ್ಬೇಕಿತ್ತು.

ಒಂದ್ಸಲ ಶುರು ಮಾಡಿದ್ನ ನಿಲ್ಲಿಸ್ಬೇಡಿ, ಅವ್ನು ತಿಂತಾ ಇರ್ಲಿ ಅಂದಿದ್ರು ಡಾಕ್ಟ್ರು. ಅದ್ಕೇ ಪ್ರತಿ ಭಾನುವಾರ ಕಟಿಂಗು, ಗಾಡಿ ಗಾಳಿ ಅಂತ ಏನೋ ನೆಪ ಹೇಳಿ ಅವನನ್ನ ಪೇಟೆಗೆ ಕರ್ಕೊಂಡು ಹೋಗೋದು. ನೀನು ಗೇಟಿನವರೆಗೆ ಬಂದು ನಿಲ್ತಿದ್ದೆ, ನಂಗೆ ಗೊತ್ತು. ಅಲ್ಲಿ ಅವ್ನು ಗೋಡಂಬಿ ತಿಂತಾನೆ, ಸೋಪು ಹಾಕಿ ಕೈ ಬಾಯಿ ತೊಳೀತೀನಿ, ಸ್ಯಾನಿಟೈಸರಿಗೆ ಅದು ಹೋಗಲ್ಲ, ಅಂಗಿ ಬದಲಾಯಿಸ್ತೀನಿ, ಹಳೇದು ಕವರಲ್ಲಿ ಕಟ್ತೀನಿ. ಐಸ್ ಕ್ರೀಮ್ ತಿನ್ಸಿಲ್ಲ ಕಣೇ ಒಂದಿನಾನೂ. ಅವ್ನೂ ಆರು ವರ್ಷದೋನು ಅಕ್ಕಂಗೆ ಹೇಳ್ಬಾರ್ದು ಅಂತ ಬಾಯಿ ಹೊಲ್ಕೊಂಡು ಕೂತಿದಾನೆ ಪಾಪ.

ಟೆಸ್ಟು ಬೇಡ ಅಂದ್ರೆ ಬೇಡ, ನಾನೇ ಫೋನ್ ಮಾಡಿ ಹೇಳ್ತೀನಿ, ಮುಂದಿನ ವರ್ಷ ನೋಡಿದ್ರಾಯ್ತು. ಡಾಕ್ಟ್ರನ್ನ ಏನಾದ್ರೂ ಕೇಳ್ಬೇಕಂದ್ರೆ ಬರೆದು ಹಸಿರು ಡಬ್ಬಿ ಮೇಲಿಡು. ಈ ಭಾನುವಾರದಿಂದ ತಮ್ಮನ್ನ ಅಮ್ಮ ಕರ್ಕೊಂಡು ಹೋಗ್ತಾಳೆ. ನಾವಿಬ್ರೂ ಹೊಳೆ ಹತ್ರ ಹೋಗೋಣ, ನೀರು ಇಳ್ದಿದೆ, ಬಂಡೆ ಎಲ್ಲ ಕಾಣ್ತಿದೆ.

ನಿನ್ನ
ಅಪ್ಪ