ಬತ್ತುವ ನೀರು, ತುಂಬುವ ಹಂಡೆ

ಬಾಯಾರು, ಕಾಸರಗೋಡು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನೀರಿನ ಬಗ್ಗೆ ನಾನು ಬರೆದದ್ದಕ್ಕೆ ಬೀದರಿನಿಂದ ಬಸವಣ್ಣನವರ ವಚನವನ್ನೇ ಎಸೆದಿದ್ದೀಯ: ‘ನೀರ ಕಂಡಲ್ಲಿ ಮುಳುಗುವರಯ್ಯಾ, ಮರನ ಕಂಡಲ್ಲಿ ಸುತ್ತುವರಯ್ಯಾ.’ ಇದು ಕರಾವಳಿಯವರಿಗೇ ಹೇಳಿದ ಹಾಗಿದೆ ಅಂತ ತಮಾಷೆ ಬೇರೆ! ಇರಲಿ. ನಮ್ಮ ಕಾಸರಗೋಡಿನ ಅನಂತಪುರದಲ್ಲಿ ದೇವಸ್ಥಾನ ಇರುವುದೇ ಕೆರೆಯ ನಡುವೆ. ಮಧೂರಿನಲ್ಲಿ ಮಳೆ ಜೋರಾದರೆ ಮಧುವಾಹಿನಿ ನದಿ ತಾನೇ ದೇವಸ್ಥಾನದೊಳಗೆ ಬರುತ್ತಾಳೆ. ನಾವು ಮುಳುಗಲು ಹೋಗುವುದೇ ಬೇಡ.

ಆದರೆ ಊರ ಹೆಸರು ನೋಡು, ಬಾಯಾರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬಿದ್ದರೂ ಏಪ್ರಿಲಿಗೆ ಬಾವಿಯಲ್ಲಿ ಕೊಡ ತಳಕ್ಕೆ ಬಡಿಯುತ್ತದೆ. ಮುರಕಲ್ಲಿನ ಗುಡ್ಡೆ ಒಂದಿಷ್ಟು ಕುಡಿಯುತ್ತದೆ, ಉಳಿದದ್ದು ತೋಡು ಹಿಡಿದು ಸಮುದ್ರಕ್ಕೆ. ಅದಕ್ಕೇ ಹಿಂದಿನವರು ಗುಡ್ಡೆಯ ಹೊಟ್ಟೆಗೇ ಅಡ್ಡಡ್ಡ ಕೊರೆದರು.

ನಿಮ್ಮ ಬೀದರಿನ ನೌಬಾದಿನ ಕರೇಜ್, ಆ ನೆಲದಡಿಯ ನೀರಿನ ಕಾಲುವೆ, ಬಹಮನಿ ಸುಲ್ತಾನರ ಕಾಲದ ದೊಡ್ಡ ಕೆಲಸ. ನಮ್ಮ ಸುರಂಗ ಒಬ್ಬ ಮನುಷ್ಯ ಹೋಗಿ ಬರುವಷ್ಟು ಅಗಲದ ಬಿಲ. ಒಳಗೊಬ್ಬ ಕೂತು ಪಿಕ್ಕಾಸಿನಲ್ಲಿ ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸುತ್ತಾನೆ. ಬೆಳಕಿಗೆ ಮೇಣದ ಬತ್ತಿ. ಅದು ಮಂಕಾದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ, ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. ನೀರು ಸಿಕ್ಕರೆ ಪಂಪೂ ಬೇಡ, ಕರೆಂಟೂ ಬೇಡ. ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತಾನೇ ಅಂಗಳಕ್ಕೆ ಇಳಿಯುತ್ತದೆ. ಸಿಗದಿದ್ದರೆ ಸಿಗಲಿಲ್ಲ, ಅಷ್ಟೇ. ನಮ್ಮ ತೋಟದ ಮೇಲೆ ಅಜ್ಜ ಅರ್ಧಕ್ಕೆ ಬಿಟ್ಟ ಒಂದು ಸುರಂಗ ಇದೆ. ಈಗ ಅಲ್ಲಿ ಬಾವಲಿಗಳ ಸಂಸಾರ.

ರನ್ನನ ಗದಾಯುದ್ಧ ನೆನಪಿದೆಯಾ? ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಆರ್ಭಟ ಕೇಳಿ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರೊಳಗಿದ್ದೂ ಬೆವರಿದ! ಕ್ಲಾಸಿನಲ್ಲಿ ಕೇಳಿದಾಗ ಸುಮ್ನೆ ಕವಿಯ ಚಮತ್ಕಾರ ಅಂದುಕೊಂಡಿದ್ದೆ. ಕಳೆದ ವರ್ಷ ಹೂಳು ತೆಗೆಯಲು ನಮ್ಮ ನೀರು ಬರುವ ಇನ್ನೊಂದು ಸುರಂಗದೊಳಗೆ ನಾನೇ ಹೋದೆ. ಮೊಣಕಾಲವರೆಗೆ ಕೊರೆಯುವ ನೀರು, ಬೆನ್ನ ಮೇಲೆ ಧಾರಾಕಾರ ಬೆವರು. ಚಮತ್ಕಾರ ಅಲ್ಲ ಮಾರಾಯ, ಇದ್ದದ್ದೇ. ಅವನಿಗೆ ಭೀಮನ ಭಯ, ನನಗೆ ತಲೆಯ ಮೇಲಿನ ಮಣ್ಣಿನದು.

ಈಗ ನೀನು ಬರೆಯದೆ ಬಿಟ್ಟ ಸಾಲು: ‘ಬತ್ತುವ ಜಲವ, ಒಣಗುವ ಮರನ ಮೆಚ್ಚಿದವರು ನಿಮ್ಮನೆತ್ತ ಬಲ್ಲರು.’ ಬಸವಣ್ಣನವರು ಹೇಳಿದ್ದು ಭಕ್ತಿಯ ಮಾತು. ಅವರನ್ನು ಪರಿಸರ ದಿನದ ಭಾಷಣಕ್ಕೆ ಎಳೆದು ತರುವುದು ನನಗೆ ಹಿಡಿಸುವುದಿಲ್ಲ. ಆದರೂ ‘ಬತ್ತುವ’ ಅನ್ನುವ ಪದ ನನ್ನನ್ನು ಬಿಡುತ್ತಿಲ್ಲ. ಬತ್ತುತ್ತದೆ ಅಂತ ಗೊತ್ತಿದ್ದೂ ಮೆಚ್ಚುವವರು ಇದ್ದಾರಲ್ಲ? ನಮ್ಮ ಜಿಲ್ಲೆಯ ಏತಡ್ಕ ಊರಿನವರು ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡ ಕಲ್ಲು ಮಣ್ಣಿನ ಕಟ್ಟ ಹಾಕುತ್ತಾರೆ. ಮುಂದಿನ ಮಳೆಗೆ ಅದು ನಿಲ್ಲುವುದಿಲ್ಲ. ಮತ್ತೆ ಹಾಕುತ್ತಾರೆ.

ನಮ್ಮ ಸುರಂಗವೂ ಸೊರಗಿದೆ. ಮೇಲಿನ ಗುಡ್ಡೆಯಲ್ಲಿ ಬೋರ್‌ವೆಲ್‌ಗಳು ಬಂದ ಮೇಲೆ ಬೇಸಿಗೆಯಲ್ಲಿ ಬೆರಳಿನಷ್ಟೇ ಧಾರೆ. ನಾವೂ ಒಂದು ತೆಗೆಸಿದ್ದೇವೆ, ಸುಳ್ಳು ಯಾಕೆ ಹೇಳಲಿ. ಆದರೆ ದೀಪಾವಳಿಗೆ ನೀರು ತುಂಬುವ ಸಂಜೆ ಅಮ್ಮ ನಲ್ಲಿ ಮುಟ್ಟುವುದಿಲ್ಲ. ಬಚ್ಚಲಿನ ಹಂಡೆ ಹುಣಸೆಹುಳಿ ಹಾಕಿ ತಿಕ್ಕಿ, ಕುತ್ತಿಗೆಗೆ ಬಳ್ಳಿ ಸುತ್ತಿ, ಸುರಂಗದ ನೀರನ್ನೇ ಕೊಡ ಕೊಡವಾಗಿ ಹೊತ್ತು ತರುತ್ತಾಳೆ. “ನಲ್ಲಿಯಲ್ಲಿ ಬರುವುದೂ ನೀರೇ ಅಲ್ವಾ?” ಅಂತ ಕೇಳಿದೆ.

“ಅದು ಬೋರಿನದ್ದು. ಇದು ಅಜ್ಜನದ್ದು” ಅಂದಳು.

ಈ ಸಲ ಅವಳ ಮಂಡಿನೋವು ಜಾಸ್ತಿ. ದೀಪಾವಳಿಗೆ ಬಾ, ಕೊಡ ಹೊರಲು ಒಬ್ಬರು ಬೇಕು.

ಇತಿ ನಿನ್ನ,
ಬಾಯಾರಿನ ಗೆಳೆಯ