ಬರೆದದ್ದು 990, ಹಿಡಿಯುವುದು 1,200: ಡೀಸೆಲ್ ಟ್ಯಾಂಕ್ ಬದಲಿಸಿಕೊಡಿ

ಇವರಿಗೆ,
ವ್ಯವಸ್ಥಾಪಕರು,
ಡೀಸೆಲ್ ಟ್ಯಾಂಕ್ ಸರಬರಾಜು ವಿಭಾಗ

ವಿಷಯ: ನಮ್ಮ ಅಪಾರ್ಟ್‌ಮೆಂಟಿನ ಡಿಜಿ (ಡೀಸೆಲ್ ಜನರೇಟರ್) ರೂಮಿನಲ್ಲಿ ನೀವು ಕೂರಿಸಿದ ಟ್ಯಾಂಕ್ ಕುರಿತು ದೂರು

ಮಾನ್ಯರೇ,

ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ ‘990 ಲೀ.’ ಎಂದು ಬರೆದಿದ್ದೀರಿ. ಬಿಲ್ಲಿನಲ್ಲೂ ಅದೇ ಇದೆ. ಟೇಪು ಹಿಡಿದರೆ ಉದ್ದ ಒಂದೂವರೆ ಮೀಟರ್, ಅಗಲ ಒಂದು ಮೀಟರ್, ಎತ್ತರ 80 ಸೆಂ.ಮೀ. ಗುಣಿಸಿ ನೋಡಿ, 1,200 ಲೀಟರ್. ತಗಡಿನ ದಪ್ಪ ಕಳೆದರೂ 990ಕ್ಕೆ ಇಳಿಯುವುದಿಲ್ಲ.

ಡೀಸೆಲ್ ‘ಬಿ’ ವರ್ಗದ ಪೆಟ್ರೋಲಿಯಂ. 1934ರ ಪೆಟ್ರೋಲಿಯಂ ಕಾಯ್ದೆಯ 7ನೇ ಕಲಮಿನಂತೆ ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ 2,500 ಲೀಟರ್‌ವರೆಗೆ ಇಡಬಹುದು; ಆದರೆ ಅದನ್ನಿಟ್ಟ ಯಾವ ಪಾತ್ರೆಯ ಸಾಮರ್ಥ್ಯವೂ 1,000 ಲೀಟರ್ ಮೀರಬಾರದು. ‘ಪೂರ್ತಿ ತುಂಬಿಸಬೇಡಿ, ಆಯಿತಲ್ಲ’ ಎಂಬ ನಿಮ್ಮ ಸೂಪರ್‌ವೈಸರ್ ಮಾತು ಇಲ್ಲಿ ನಡೆಯುವುದಿಲ್ಲ. ಕಾಯ್ದೆ ಅಳೆಯುವುದು ಪಾತ್ರೆಯನ್ನು. ನಿಮ್ಮ ವ್ಯಾಪಾರವೇ ಇದಾದ್ದರಿಂದ 990 ಎಂಬ ಅಂಕಿ ಎಲ್ಲಿಂದ ಬಂತೆಂದು ನಾವು ಬಿಡಿಸಿ ಹೇಳಬೇಕಿಲ್ಲ.

‘ಡೀಸೆಲ್ ತಾನೆ ಸಾರ್, ಪೆಟ್ರೋಲ್ ಥರ ಹತ್ತಿಕೊಳ್ಳಲ್ಲ’ ಎಂದೂ ಅವರು ಹೇಳಿದರು. ನಮ್ಮ ದೇಶದ ಮಾನದಂಡ ಡೀಸೆಲ್‌ಗೆ ಕೇಳುವ ಕನಿಷ್ಠ ಫ್ಲ್ಯಾಶ್ ಪಾಯಿಂಟ್ 35 ಡಿಗ್ರಿ. ಅಂಥ ಡೀಸೆಲ್ ಅಷ್ಟು ಕಾದರೆ ಅದರ ಆವಿಗೆ ಕಿಡಿ ಸಾಕು. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಜನರೇಟರ್ ಎರಡು ಗಂಟೆ ಓಡಿದ ಮೇಲೆ ಆ ರೂಮಿನಲ್ಲಿ ನಿಂತು ನೋಡಿ. ಟ್ಯಾಂಕಿನ ಆವಿ ಹೊರಹೋಗುವ ವೆಂಟ್ ಪೈಪನ್ನು ಹೊರಗೆ ಒಯ್ಯದೆ ಅದೇ ರೂಮಿನೊಳಗೆ ಬಾಯಿ ತೆರೆದು ಬಿಟ್ಟಿದ್ದೀರಿ.

ಮಟ್ಟ ನೋಡಲು ಪಕ್ಕಕ್ಕೆ ಸಿಕ್ಕಿಸಿರುವುದು ಬರೀ ಪ್ಲಾಸ್ಟಿಕ್ ಟ್ಯೂಬ್. ಪಕ್ಕದಲ್ಲಿ ಬೆಂಕಿ ಹತ್ತಿದರೆ ಮೊದಲು ಕರಗುವುದು ಅದು, ಹಿಂದೆಯೇ ಡೀಸೆಲ್ಲೆಲ್ಲ ನೆಲಕ್ಕೆ. ಸುರಿದದ್ದನ್ನು ತಡೆದು ನಿಲ್ಲಿಸಬೇಕಾದ ಕಟ್ಟೆ ಎರಡು ಇಟ್ಟಿಗೆ ಎತ್ತರ ಇದೆ. ಅದರ ಬುಡದಲ್ಲಿ ವಾಲ್ವೇ ಇಲ್ಲದ ಪೈಪು, ನೇರ ಮಳೆನೀರಿನ ಚರಂಡಿಗೆ. ಆ ಚರಂಡಿ ಹೋಗುವುದು ಬೇಸ್‌ಮೆಂಟ್ ಪಾರ್ಕಿಂಗ್ ಮೂಲಕ. ಅರ್ಥಿಂಗ್ ಪಟ್ಟಿಯನ್ನು ಟ್ಯಾಂಕಿನ ಬಣ್ಣ ಕೆರೆಯದೆ ಅದರ ಮೇಲೆಯೇ ಬೋಲ್ಟ್ ಮಾಡಿದ್ದಾರೆ; ಬಣ್ಣ ಅಡ್ಡವಿದ್ದರೆ ಲೋಹಕ್ಕೆ ಲೋಹ ಸರಿಯಾಗಿ ತಾಗುವುದಿಲ್ಲ.

ಸದ್ಯ ಟ್ಯಾಂಕ್ ಖಾಲಿ ಮಾಡಿಸಿದ್ದೇವೆ, ಡಿಜಿ ತನ್ನದೇ ಚಿಕ್ಕ ಟ್ಯಾಂಕಿನಲ್ಲಿ ಓಡುತ್ತಿದೆ. ಹದಿನೈದು ದಿನದೊಳಗೆ ಇದನ್ನು ಎತ್ತಿಕೊಂಡು ಹೋಗಿ, ನಿಜಕ್ಕೂ 1,000 ಲೀಟರ್ ಒಳಗಿನ ಟ್ಯಾಂಕ್ ಕೊಡಿ. ಅದರ ಪೂರ್ತಿ ಡೀಸೆಲ್ ಹಿಡಿಯುವ ಕಟ್ಟೆ, ಹೊರಗಿನಿಂದ ಮುಚ್ಚುವ ವಾಲ್ವ್, ಹೊರಗೆ ತೆರೆದ ವೆಂಟ್, ಕರಗದ ಗೇಜ್ ನಿಮ್ಮ ಖರ್ಚಿನಲ್ಲೇ ಆಗಬೇಕು. ಇಲ್ಲವಾದರೆ ಅಳತೆಯ ಫೋಟೋ, ಬಿಲ್ ಸಮೇತ ಅಗ್ನಿಶಾಮಕ ಇಲಾಖೆಗೂ, ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಪೆಸೋಗೂ ಬರೆದು, ಗ್ರಾಹಕರ ಆಯೋಗದಲ್ಲಿ ದಾವೆ ಹಾಕುತ್ತೇವೆ.

ಇಂತಿ,
ಕಾರ್ಯದರ್ಶಿ,
ನಿವಾಸಿಗಳ ಸಂಘ