108ರಲ್ಲಿ ತಲೆ ನರೆಯುವವರೆಗೆ ದುಡಿಯಬಹುದೇ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ವಂದನೆಗಳು.

108 ಆಂಬುಲೆನ್ಸ್ ಸೇವೆಯನ್ನು ಖಾಸಗಿ ಸಂಸ್ಥೆಯ ಕೈಯಿಂದ ಬಿಡಿಸಿ ಇಲಾಖೆಯೇ ನಡೆಸುವುದಾಗಿ ಸರ್ಕಾರ 2025ರಲ್ಲಿ ಹೇಳಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆಮೇಲೆ ಈ ಬಗ್ಗೆ ನನ್ನ ಕಣ್ಣಿಗೆ ಬಿದ್ದ ಸುದ್ದಿಗಳೆಲ್ಲ ವಾಹನ ಎಷ್ಟು, ಕಂಟ್ರೋಲ್ ರೂಮ್ ಎಲ್ಲಿ, ಖರ್ಚು ಎಷ್ಟು ಉಳಿಯುತ್ತದೆ ಎಂಬ ಲೆಕ್ಕದವು. ಆ ವಾಹನದಲ್ಲಿ ಕೂತಿರುವ ಇಬ್ಬರ, ಅಂದರೆ ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಮತ್ತು ಗಾಡಿ ಓಡಿಸುವ ಪೈಲಟ್‌ಗಳ, ವಯಸ್ಸು ಈಗ ಎಷ್ಟಾಯಿತು, ಇನ್ನೆಷ್ಟು ವರ್ಷ ಅವರು ಈ ಕೆಲಸ ಮಾಡಬಲ್ಲರು ಎಂದು ಕೇಳಿದವರು ಕಾಣಲಿಲ್ಲ. ಅದಕ್ಕೇ ಈ ಪತ್ರ.

ನಾನು ಉತ್ತರ ಕನ್ನಡದ ಕರಾವಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು. ಬಹುಪಾಲು ಕಾಲ ಕ್ಯಾಶುವಾಲ್ಟಿಯಲ್ಲೇ ಕಳೆಯಿತು. ಅಪಘಾತವಾದವರನ್ನು ರಿಕ್ಷಾದಲ್ಲಿ, ಮೀನಿನ ಟೆಂಪೋದಲ್ಲಿ ಮಡಚಿ ಹಾಕಿಕೊಂಡು ಬರುತ್ತಿದ್ದ ದಿನಗಳನ್ನು ಕಂಡಿದ್ದೇನೆ. 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಈ 108 ಸೇವೆ ಆರಂಭವಾಗಿ, ನಮ್ಮ ಕಡೆಗೂ ಆ ಬಿಳಿ ಗಾಡಿ ಬಂದ ಮೇಲೆ ಆದ ಬದಲಾವಣೆ ಸಣ್ಣದಲ್ಲ. ಕುತ್ತಿಗೆಗೆ ಕಾಲರ್ ಹಾಕಿ, ಆಮ್ಲಜನಕ ಕೊಟ್ಟು, ಡ್ರಿಪ್ ಹಚ್ಚಿ, ಬರುವ ಮುಂಚೆ ನಮಗೆ ಫೋನು ಮಾಡಿ ತರುತ್ತಿದ್ದರು. ದಾರಿಯಲ್ಲೇ ಹೆರಿಗೆ ಮಾಡಿಸಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ, ತಾಯಿಯ ಎದೆಯ ಮೇಲಿಟ್ಟು ತಂದವರೂ ಇದ್ದಾರೆ.

ಆ ಮೊದಲ ತಂಡದಲ್ಲಿ 25ರ ಹರೆಯದಲ್ಲಿ ಸೇರಿದವರಿಗೆ ಈಗ 40 ದಾಟಿದೆ. ಅವರೆಲ್ಲ ಎಲ್ಲಿ? ನನಗೆ ಪರಿಚಯವಿದ್ದವರಲ್ಲಿ ಕೆಲವರು ಗಲ್ಫಿಗೆ ಹೋದರು. ಒಬ್ಬ ಮೆಡಿಕಲ್ ಶಾಪ್ ಇಟ್ಟುಕೊಂಡ, ಇನ್ನೊಬ್ಬ ಟೂರಿಸ್ಟ್ ಕಾರು ಓಡಿಸುತ್ತಾನೆ. ಉಳಿದವರು ಅದೇ ಗಾಡಿಯ ಅದೇ ಸೀಟಿನಲ್ಲಿ, ಸೇರಿದ ದಿನದ ಹುದ್ದೆಯಲ್ಲೇ ಇದ್ದಾರೆ. ಇಎಂಟಿಯಾಗಿ ಸೇರಿದವನು ಇಎಂಟಿ, ಪೈಲಟ್ ಆಗಿ ಸೇರಿದವನು ಪೈಲಟ್. ನಾನು ಸ್ಟಾಫ್ ನರ್ಸ್ ಆಗಿ ಸೇರಿದವಳು. ಬಡ್ತಿ ಬಂತು, ವಯಸ್ಸಾದ ಮೇಲೆ ರಾತ್ರಿ ಪಾಳಿ ಕಡಿಮೆಯಾಯಿತು, 60ಕ್ಕೆ ಪಿಂಚಣಿ ಸಮೇತ ಮನೆಗೆ ಬಂದೆ. ಅವರು ಕಂಡಷ್ಟು ರಕ್ತ, ಅವರು ಕೇಳಿದಷ್ಟು ಕೂಗು ನಾನು ಕಂಡಿಲ್ಲ, ಕೇಳಿಲ್ಲ. ನಮ್ಮ ಬಾಗಿಲಿಗೆ ರೋಗಿ ಬರುವಾಗ ಅರ್ಧ ಕೆಲಸ ಮುಗಿದಿರುತ್ತಿತ್ತು.

ಬರ್ನ್‌ಔಟ್ ಎಂದರೆ ಮನಸ್ಸು ಗಟ್ಟಿ ಇಲ್ಲದವರ ಕಾಯಿಲೆ ಎಂದು ಅಧಿಕಾರಿಗಳು ತಿಳಿದಂತಿದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಅದನ್ನು ಕಾಯಿಲೆಗಳ ಪಟ್ಟಿಗೇ ಸೇರಿಸಿಲ್ಲ. ಕೆಲಸದ ಜಾಗದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಬರುವ ಸ್ಥಿತಿ ಅದು ಎಂದಿದೆ. ಮೈಮನಸ್ಸು ಬರಿದಾಗುವುದು, ಕೆಲಸದ ಮೇಲೆ ತಾತ್ಸಾರ ಬೆಳೆಯುವುದು, ನನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು: ಇವು ಮೂರು ಗುರುತುಗಳು. ಎರಡನೆಯದನ್ನು ನಾನು ಕ್ಯಾಶುವಾಲ್ಟಿಯ ಕೌಂಟರಿನಲ್ಲೇ ಕಂಡಿದ್ದೇನೆ. ಮೊದಲ ವರ್ಷ "ಸಿಸ್ಟರೇ, ಇವ್ರ ಹೆಸರು ಗಣಪತಿ, ಎದೆನೋವು ಶುರುವಾಗಿ ಒಂದು ತಾಸಾಯ್ತು" ಎನ್ನುತ್ತಿದ್ದ ಹುಡುಗ, ಕೆಲವು ವರ್ಷಗಳಾದ ಮೇಲೆ ಕಣ್ಣೆತ್ತದೆ ಫಾರ್ಮ್ ಮುಂದೆ ತಳ್ಳಿ "ಎಣ್ಣೆ ಕೇಸು, ಸೈನ್ ಹಾಕಿ" ಎನ್ನುತ್ತಾನೆ.

ಇದರಲ್ಲಿ ರೋಗಿಯ ಜೀವ ಇದೆ, ಸಚಿವರೇ. ಸಕ್ಕರೆ ಇಳಿದ ಮಧುಮೇಹಿಯೂ ಕುಡಿದವನ ಹಾಗೇ ತೊದಲುತ್ತಾನೆ, ಬೆವರುತ್ತಾನೆ, ಮುಟ್ಟಲು ಹೋದರೆ ಹೊಡೆಯಲು ಬರುತ್ತಾನೆ. ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಲು ಒಂದು ನಿಮಿಷವೂ ಬೇಡ. ಚುರುಕಾಗಿರುವ ಇಎಂಟಿ ಚುಚ್ಚಿ ನೋಡುತ್ತಾನೆ. ಬಸವಳಿದವನಿಗೆ ಆ ಒಂದು ನಿಮಿಷವೇ ಭಾರ. ತಲೆಗೆ ಪೆಟ್ಟು ಬಿದ್ದು ಕುಡಿದವನ ಹಾಗೆ ಕಾಣುವವನ ವಿಷಯವೂ ಹೀಗೇ.

ನಮ್ಮ ಜಿಲ್ಲೆಯದು ಇನ್ನೊಂದು ಕಥೆ. ಇಲ್ಲಿ ದೊಡ್ಡಾಸ್ಪತ್ರೆ ಬೇಕೆಂಬ ಕೂಗು ಹಳೆಯದು. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು, ಶಿರಸಿಯಿಂದ ಹುಬ್ಬಳ್ಳಿಗೂ ನೂರರ ಆಸುಪಾಸು. ರಾತ್ರಿ ಹತ್ತಕ್ಕೆ ರೆಫರ್ ಕೇಸ್ ಹೊತ್ತು ಹೊರಟವರು ಅಲ್ಲಿ ಬೆಡ್ ಸಿಗುವವರೆಗೆ ಕಾದು, ತಮ್ಮ ಸ್ಟ್ರೆಚರ್ ಬಿಡಿಸಿಕೊಂಡು, ರಕ್ತ ತೊಳೆದು ತಿರುಗಿ ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಬರುವ ದಾರಿಯಲ್ಲೇ ಇನ್ನೊಂದು ಕೇಸ್ ಬಿದ್ದರೆ ಅದಕ್ಕೂ ಹೋಗಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಅದಕ್ಕೆ ದಣಿವು ಕಾರಣ ಎಂದು ನಾನು ಹೇಳುತ್ತಿಲ್ಲ. ಮಳೆಯಲ್ಲಿ ಒದ್ದೆಯಾದ ರಸ್ತೆ ಅದು. ಇಂಥ ರಸ್ತೆಯಲ್ಲಿ ಇಂಥ ವೇಗದಲ್ಲಿ ಹೋಗುವವನ ಕಣ್ಣಿಗೆ ನಿದ್ದೆ ಬಾಕಿ ಇರಬಾರದು, ಅಷ್ಟೇ ನನ್ನ ಮಾತು. ಘಟ್ಟದ ಮೇಲಿನವರ ಕಷ್ಟ ಬೇರೆ. ಗಾಡಿ ಹೋಗದ ಕೇರಿಯಿಂದ, ತೋಟದ ಸಂಕ ದಾಟಿ, ರೋಗಿಯನ್ನು ಎತ್ತಿ ತರುವುದೂ ಇವರೇ. ನಲವತ್ತರ ಮೇಲೆ ಸೊಂಟ ಉಳಿದವರು ಕಡಿಮೆ.

ಬಸ್ಸು, ಲಾರಿ ಓಡಿಸುವವರ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬರೆದಿಟ್ಟಿತು. ಆಂಬುಲೆನ್ಸಿನಲ್ಲಿ ನಡೆದುಬಂದದ್ದು 12 ಗಂಟೆಯ ಪಾಳಿ. ಎಲ್ಲ ಕಡೆ 8 ಗಂಟೆ ಮಾಡಿದರೆ ಒಂದು ಗಾಡಿಗೆ ಎರಡು ತಂಡದ ಜಾಗದಲ್ಲಿ ಮೂರು ಬೇಕು, ಹಣಕಾಸು ಇಲಾಖೆ ಒಪ್ಪುವುದಿಲ್ಲ ಎಂದು ನೀವು ಹೇಳಬಹುದು. 12 ಗಂಟೆಯೇ ಇರಲಿ ಎನ್ನುವ ಹುಡುಗರೂ ಇದ್ದಾರೆ. ಕರಾವಳಿಯ ಗಾಡಿಗಳಲ್ಲಿ ಬಾಗಲಕೋಟೆ, ವಿಜಯಪುರ ಕಡೆಯವರು ಬಹಳ. "ನಾಕ್ ದಿನ ರಜಾ ಒಟ್ಟಿಗೆ ಸಿಕ್ರ ಊರಿಗಿ ಹೋಗಿ ಮಕ್ಕಳ ಮಾರಿ ನೋಡ್ತೀನ್ರೀ ಸಿಸ್ಟರ್" ಎಂದವನಿಗೆ ದಿನಕ್ಕೆ ನಾಲ್ಕು ಗಂಟೆ ಉಳಿಸಿ ಬಾಡಿಗೆ ಕೋಣೆಯಲ್ಲಿ ಕೂರಿಸಿದರೆ ಏನು ಸುಖ? ಹಾಗಾಗಿ ಎಲ್ಲರಿಗೂ ಒಂದೇ ಅಳತೆ ಬೇಡ. ಕೇಸ್ ಹೆಚ್ಚು ಬೀಳುವ ಹೆದ್ದಾರಿಯ ಗಾಡಿಗಳಲ್ಲಿ, ದೂರದ ರೆಫರ್ ಇರುವ ತಾಲೂಕುಗಳಲ್ಲಿ ಮೂರು ತಂಡ ಕೊಡಿ. ಬಾಕಿ ಕಡೆ 12 ಗಂಟೆಯೇ ಇದ್ದರೂ, ರಾತ್ರಿಯ ದೂರದ ರೆಫರ್ ಮುಗಿಸಿ ಬಂದವರನ್ನು ಕಡ್ಡಾಯವಾಗಿ ಮಲಗಲು ಬಿಡಿ. ಅಮೆರಿಕದಲ್ಲಿ 2018ರಲ್ಲಿ ಆಂಬುಲೆನ್ಸ್ ಸಿಬ್ಬಂದಿಯ ದಣಿವಿನ ಬಗ್ಗೆ ಬಂದ ಮಾರ್ಗಸೂಚಿಯಲ್ಲಿ ಪಾಳಿಯ ನಡುವೆ ಸಣ್ಣ ನಿದ್ದೆಗೆ ಅವಕಾಶ ಕೊಡಿ ಎಂಬುದೂ ಒಂದು ಶಿಫಾರಸು. ನಮ್ಮಲ್ಲಿ ಗಾಡಿ ನಿಲ್ಲುವ ಜಾಗದಲ್ಲಿ ಮಲಗುವುದಿರಲಿ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂದು ಒಮ್ಮೆ ಸುತ್ತು ಹಾಕಿ ನೋಡಿ. ಮುಂಚೆ ತಿಳಿಸದೆ ಹೋಗಿ.

ಕೌನ್ಸೆಲಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಳುಗಿದ ಮಗುವನ್ನು ಕೆರೆಯಿಂದ ದಾರಿಯುದ್ದಕ್ಕೂ ಎದೆ ಒತ್ತುತ್ತ ತಂದ ಇಎಂಟಿಯೊಬ್ಬ, ಡಾಕ್ಟರು ತಲೆ ಅಲ್ಲಾಡಿಸಿದ ಮೇಲೆ ನಮ್ಮ ಸಿಂಕಿನಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಲೇ ಇದ್ದ. ಫೋನು ಬಡಿದುಕೊಂಡಿತು. ಮುಂದಿನ ಕೇಸು, ಹೆರಿಗೆ. ಒದ್ದೆ ಕೈಯಲ್ಲೇ ಓಡಿದ. ಅವನಿಗೆ ಆಗ ಬೇಕಿದ್ದದ್ದು ಒಂದು ಗಂಟೆ ಕೇಸ್ ಕೊಡದೆ ಇರುವ ಕಂಟ್ರೋಲ್ ರೂಮ್, ಮತ್ತೆ ಒಂದು ಲೋಟ ಚಹಾ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಇದೆ, ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ಅವರಿಂದ ಪ್ರತಿ ತಾಲೂಕಿನ ಒಬ್ಬಿಬ್ಬರು ಹಿರಿಯ ಇಎಂಟಿಗಳಿಗೆ ತರಬೇತಿ ಕೊಡಿಸಿ, ತಮ್ಮವರ ಹತ್ತಿರವೇ ಮಾತಾಡಿಕೊಳ್ಳಲಿ. ವರ್ಷಕ್ಕೊಂದು ಯೋಗ ಶಿಬಿರ ಮಾಡಿ ಫೋಟೋ ತೆಗೆಸಿ ಮುಗಿಸಬೇಡಿ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಇಲಾಖೆ 108ರ ಸಿಬ್ಬಂದಿಯನ್ನು ತೆಗೆದುಕೊಳ್ಳುವಾಗ ಅವರನ್ನು ಹೊಸಬರೆಂದು ತೆಗೆದುಕೊಳ್ಳುತ್ತದೆಯೋ, ಹದಿನೈದು ವರ್ಷ ದುಡಿದವರೆಂದು ತೆಗೆದುಕೊಳ್ಳುತ್ತದೆಯೋ? ಸಂಬಳ ತಡವಾದಾಗೆಲ್ಲ ಮುಷ್ಕರದ ನೋಟಿಸ್ ಕೊಟ್ಟು, ಮತ್ತೆ ಅದೇ ರಾತ್ರಿ ಡ್ಯೂಟಿಗೆ ಬಂದ ಜನ ಇವರು. ಗ್ರಾಚ್ಯುಟಿಯಿಂದ ಹಿಡಿದು ಸೇವಾ ಹಿರಿತನದವರೆಗೆ ಎಲ್ಲ ನಿಂತಿರುವುದು ಸೇವಾವಧಿಯ ಮೇಲೆ. ಮಾಲೀಕರು ಬದಲಾದ ಕಾರಣಕ್ಕೆ ಅದನ್ನು ಸೊನ್ನೆಯಿಂದ ಎಣಿಸಿದರೆ, ಉಳಿದಿರುವ ಅನುಭವಸ್ಥರೂ ಕೈ ಮುಗಿದು ಹೋಗುತ್ತಾರೆ.

ಹಿರಿತನ ಕೊಟ್ಟರೆ ಸಾಲದು, ಅದಕ್ಕೆ ತಕ್ಕ ಹುದ್ದೆಗಳೂ ಬೇಕು. ಸೊಂಟ ಸೋತ, ಕಣ್ಣು ಮಂಜಾದ ಪೈಲಟ್‌ಗೆ ವಾಹನಗಳ ಉಸ್ತುವಾರಿ ಕೊಡಬಹುದು. ಹದಿನೈದು ವರ್ಷ ಗಾಡಿಯಲ್ಲಿದ್ದ ಇಎಂಟಿಯನ್ನು ಕಂಟ್ರೋಲ್ ರೂಮಿನಲ್ಲಿ ಕೂರಿಸಿದರೆ, ಕರೆ ಮಾಡಿದವರ ಧ್ವನಿಯಲ್ಲೇ ಅರ್ಧ ವಿಷಯ ತಿಳಿದುಕೊಳ್ಳುತ್ತಾನೆ. ಹೊಸಬರಿಗೆ ಕಲಿಸಲು ಅವನಿಗಿಂತ ಮೇಷ್ಟ್ರು ಬೇಕೇ? 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ತುರ್ತು ವೈದ್ಯಕೀಯ ತಂತ್ರಜ್ಞರನ್ನು ಹೆಸರಿಸಿ ವೃತ್ತಿಯೆಂದು ಮಾನ್ಯ ಮಾಡಿದೆ. ಕಾಯ್ದೆ ಬರುವ ಮೊದಲೇ ಸೇರಿದ, ಕೈಯಲ್ಲಿ ಪದವಿಗಿಂತ ಅನುಭವ ಹೆಚ್ಚಿರುವವರಿಗೆ ಸಣ್ಣ ಕೋರ್ಸು ಮಾಡಿಸಿ ಆ ಮಾನ್ಯತೆಯ ಒಳಗೆ ತರುವ ದಾರಿಯನ್ನು ನಿಮ್ಮ ಇಲಾಖೆ ಹುಡುಕಬೇಕು.

ನೇಮಕಾತಿಯ ನಿಯಮಗಳನ್ನು ಅಂತಿಮಗೊಳಿಸುವ ಮುನ್ನ ಕರಡನ್ನು ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲಿ ಹಾಕಿಸಿ. ಹಿಂದಿನ ಸೇವೆಯನ್ನು ಹೇಗೆ ಎಣಿಸುತ್ತೀರಿ, ಗಾಡಿಯಿಂದ ಇಳಿಯಬೇಕಾಗಿ ಬಂದವರಿಗೆ ಯಾವ ಹುದ್ದೆ ಇಟ್ಟಿದ್ದೀರಿ ಎಂಬ ಎರಡು ಕಲಂ ಅದರಲ್ಲಿರಲಿ. ಆಕ್ಷೇಪಣೆಗೆ ಒಂದು ತಿಂಗಳು ಸಮಯ ಕೊಡಿ. ಪಾಳಿಯಲ್ಲಿರುವವರಿಗೆ ಓದಿ ಬರೆಯಲು ಅಷ್ಟಾದರೂ ಬೇಕಾಗುತ್ತದೆ.

ಇತಿ,
ನಿವೃತ್ತ ಶುಶ್ರೂಷಣಾಧಿಕಾರಿ,
ಉತ್ತರ ಕನ್ನಡ ಜಿಲ್ಲೆ